ಮಣ್ಣು ಪರೀಕ್ಷೆ: ವರದಿಯ ಅಂಕಿಗಳಿಗೆ ಅರ್ಥ ಬರುವುದು ಎಲ್ಲಿಂದ?

ಎರಡು ಜಮೀನುಗಳ ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರ (ಹುಳಿ-ಕ್ಷಾರಗಳ ಅಳತೆಯಾದ ಪಿಎಚ್) 5.4 ಎಂದೇ ಬಂದಿದೆ ಎಂದಿಟ್ಟುಕೊಳ್ಳಿ. ಒಂದರಲ್ಲಿರುವುದು ಉದುರುದುರಾದ ಮರಳು ಮಣ್ಣು, ಇನ್ನೊಂದರಲ್ಲಿರುವುದು ಅಂಟಂಟಾದ ಜೇಡಿಮಣ್ಣು. ಎರಡರ ಹುಳಿಯನ್ನೂ ಒಂದೇ ಮಟ್ಟಕ್ಕೆ ತಗ್ಗಿಸಬೇಕೆಂದರೆ, ಮರಳು ಮಣ್ಣಿಗೆ ಸಾಕಾಗುವ ಸುಣ್ಣದ ಎರಡು-ಮೂರು ಪಟ್ಟು ಸುಣ್ಣವನ್ನು ಜೇಡಿಮಣ್ಣು ಬೇಡಬಹುದು. ವರದಿಯ ಅಂಕಿ ಒಂದೇ ಆದರೂ ಎರಡು ಕಡೆ ಮಾಡಬೇಕಾದ ಕೆಲಸ ಒಂದೇ ಅಲ್ಲ. ಮಣ್ಣಿನ ಕಣಗಳ ಗಾತ್ರ, ಅವು ಕೂಡಿಕೊಂಡಿರುವ ರೀತಿ, ನೀರನ್ನು ಹಿಡಿದು ಬಿಡುವ ಬಗೆ ಇವುಗಳನ್ನು ತಿಳಿದವರಿಗೆ ಮಾತ್ರ ರಾಸಾಯನಿಕ ಅಂಕಿಗಳು ಉಪಯೋಗಕ್ಕೆ ಬರುತ್ತವೆ. ಆದ್ದರಿಂದ ಕೈಯಿಂದಲೇ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಆಮೇಲೆ ಪ್ರಯೋಗಾಲಯದತ್ತ ಹೋಗುವುದು ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಿಡಗಳಿಗೆ ಹಿತವಾದ ಮೇಲ್ಮಣ್ಣಿನ ಗಾತ್ರದಲ್ಲಿ ಸುಮಾರು 45 ಭಾಗ ಖನಿಜ ಕಣಗಳು, 5 ಭಾಗ ಸಾವಯವ ಪದಾರ್ಥ, ಉಳಿದ 50 ಭಾಗ ಬರಿಯ ಸಂದುಗಳು. ಈ ಸಂದುಗಳಲ್ಲಿ ಅರ್ಧದಷ್ಟು ನೀರು, ಅರ್ಧದಷ್ಟು ಗಾಳಿ ಇದ್ದರೆ ಒಳ್ಳೆಯ ಹದ. ಬೇರು ಕೂಡ ಉಸಿರಾಡುತ್ತದೆ; ಆಮ್ಲಜನಕ ಸಿಗದ ಬೇರು, ಸುತ್ತಲೂ ಗೊಬ್ಬರ ಎಷ್ಟಿದ್ದರೂ ಅದನ್ನು ಹೀರಿಕೊಳ್ಳಲಾರದು. ನೀರು ನಿಂತ ಜಾಗದಲ್ಲಿ ಗಿಡ ಬಾಡಿದಂತೆ ಕಾಣುವುದಕ್ಕೆ ಇದೇ ಕಾರಣ. ಸಂದುಗಳ ಸಂಖ್ಯೆ ಮತ್ತು ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಕಣಗಳು ಎಷ್ಟು ದೊಡ್ಡವು ಮತ್ತು ಅವು ಹೇಗೆ ಕೂಡಿಕೊಂಡಿವೆ.

ಖನಿಜ ಕಣಗಳನ್ನು ಗಾತ್ರದ ಮೇಲೆ ಮೂರಾಗಿ ವಿಂಗಡಿಸುತ್ತಾರೆ. ಬಹಳ ಕಡೆ ಬಳಕೆಯಲ್ಲಿರುವ ಅಮೆರಿಕದ ಪದ್ಧತಿಯ ಪ್ರಕಾರ 2 ಮಿಲಿಮೀಟರ್‌ನಿಂದ 0.05 ಮಿಲಿಮೀಟರ್‌ವರೆಗಿನವು ಮರಳು, 0.05ರಿಂದ 0.002ರವರೆಗಿನವು ರೇವೆ, ಅದಕ್ಕಿಂತಲೂ ಸಣ್ಣವು ಜೇಡಿ. ಈ ಅಂಕಿಗಳ ಹಿಂದಿರುವ ನಿಜವಾದ ವ್ಯತ್ಯಾಸ ಮೇಲ್ಮೈಯದು. ಒಂದು ಗ್ರಾಂ ಮರಳಿನ ಎಲ್ಲ ಕಣಗಳ ಮೇಲ್ಮೈಯನ್ನು ಕೂಡಿಸಿದರೂ ಒಂದು ಚದರ ಮೀಟರ್ ಆಗುವುದಿಲ್ಲ. ಆದರೆ ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಕಪ್ಪು ಮಣ್ಣುಗಳಲ್ಲಿ ಸಾಮಾನ್ಯವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಒಂದು ಗ್ರಾಂಗೆ 600ರಿಂದ 800 ಚದರ ಮೀಟರ್‌ನಷ್ಟು ಮೇಲ್ಮೈ ಇರುತ್ತದೆ. ನೀರು ಅಂಟಿಕೊಳ್ಳುವುದು, ಪೋಷಕಾಂಶಗಳು ನಿಲ್ಲುವುದು, ಹುಳಿಯನ್ನು ತಗ್ಗಿಸಲು ಹೋದಾಗ ಮಣ್ಣು ಪ್ರತಿರೋಧ ಒಡ್ಡುವುದು ಇವೆಲ್ಲ ನಡೆಯುವುದು ಈ ಮೇಲ್ಮೈಯಲ್ಲಿ. ಮೊದಲು ಹೇಳಿದ ಎರಡು ಜಮೀನುಗಳ ಸುಣ್ಣದ ಲೆಕ್ಕ ಬೇರೆಯಾದದ್ದೂ ಈ ಕಾರಣದಿಂದಲೇ.

ಮೂರು ಬಗೆಯ ಕಣಗಳು ಎಷ್ಟೆಷ್ಟಿವೆ ಎಂದು ತಿಳಿಯಲು ಒಂದು ಗಾಜಿನ ಜಾಡಿ ಸಾಕು. ಮೇಲಿನ ಕಸಕಡ್ಡಿ ಸರಿಸಿ, ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು ನೆರಳಿನಲ್ಲಿ ಒಣಗಿಸಿ, ಹೆಂಟೆಗಳನ್ನು ಪುಡಿಮಾಡಿ, ಕಲ್ಲು ಮತ್ತು ಬೇರಿನ ಚೂರುಗಳನ್ನು ಜರಡಿ ಹಿಡಿದು ತೆಗೆಯಬೇಕು. ಬದಿಗಳು ನೇರವಾಗಿರುವ ಜಾಡಿಯಲ್ಲಿ ಮೂರನೇ ಒಂದು ಭಾಗದಷ್ಟು ಈ ಮಣ್ಣನ್ನು ತುಂಬಿ, ಬಾಯಿಯಿಂದ ಎರಡು ಬೆರಳು ಕೆಳಗಿನವರೆಗೆ ನೀರು ಹಾಕಿ, ಒಂದು ಚಮಚ ಸೋಪಿನ ಪುಡಿಯನ್ನು ಬೆರೆಸಬೇಕು. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿದ್ದರೆ ಮರಳಿನಷ್ಟೇ ಬೇಗ ತಳ ಸೇರಿ ಲೆಕ್ಕ ತಪ್ಪಿಸುತ್ತವೆ; ಸೋಪಿನ ಪುಡಿಯಲ್ಲಿರುವ ಸೋಡಿಯಂ ಅವುಗಳನ್ನು ಬಿಡಿಸುತ್ತದೆ. ಮುಚ್ಚಳ ಭದ್ರಪಡಿಸಿ ಹತ್ತು ನಿಮಿಷ ಚೆನ್ನಾಗಿ ಕುಲುಕಿ, ಅಲುಗದ ಜಾಗದಲ್ಲಿಟ್ಟು, ಒಂದು ನಿಮಿಷಕ್ಕೆ ತಳದಲ್ಲಿ ಕೂತ ಪದರದ ಎತ್ತರಕ್ಕೆ ಗುರುತು ಹಾಕಬೇಕು. ಅದು ಮರಳು. ಎರಡು ಗಂಟೆಗಳ ನಂತರ ಅದರ ಮೇಲೆ ಕೂತಿರುವುದು ರೇವೆ. ಜೇಡಿ ಪೂರ್ತಿಯಾಗಿ ಕೂರಲು ಒಂದೆರಡು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಕೊಳೆಯದ ಸಾವಯವ ಚೂರುಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಈ ಸಮಯದ ಲೆಕ್ಕದ ಹಿಂದೆ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 19ನೇ ಶತಮಾನದ ನಡುವಿನಲ್ಲಿ ಕಂಡುಕೊಂಡ ನಿಯಮವಿದೆ. ದ್ರವದಲ್ಲಿ ಸಣ್ಣ ಕಣವೊಂದು ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ; ಅಂದರೆ ವ್ಯಾಸ ಹತ್ತರಲ್ಲಿ ಒಂದು ಪಾಲಾದರೆ ವೇಗ ನೂರರಲ್ಲಿ ಒಂದು ಪಾಲಾಗುತ್ತದೆ. ಪ್ರಯೋಗಾಲಯಗಳಲ್ಲಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಳಸಿ ಮಾಡುವ ಪರೀಕ್ಷೆಯ ತತ್ವವೂ ಇದೇ. ಜಾಡಿಯಲ್ಲಿ ಒಟ್ಟು ಪದರ 8 ಸೆಂಟಿಮೀಟರ್ ಬಂದು, ಅದರಲ್ಲಿ ಮರಳು 3.2, ರೇವೆ 3.2, ಜೇಡಿ 1.6 ಸೆಂಟಿಮೀಟರ್ ಇದ್ದರೆ ಪ್ರಮಾಣ 40, 40, 20 ಎಂದಾಯಿತು. ಇದನ್ನೇ ಗೋಡು ಮಣ್ಣು ಎನ್ನುವುದು. ಹೆಚ್ಚಿನ ಬೆಳೆಗಳಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಬೇಕಿಲ್ಲ. ಜೇಡಿಯ ಪದರ ನೀರಿನಿಂದ ಉಬ್ಬಿಕೊಂಡಿರುವುದರಿಂದ ಜಾಡಿಯು ಜೇಡಿಯ ಪ್ರಮಾಣವನ್ನು ಸ್ವಲ್ಪ ಹೆಚ್ಚಾಗಿಯೇ ತೋರಿಸುತ್ತದೆ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಇಷ್ಟು ಕಾಯುವ ವ್ಯವಧಾನವಿಲ್ಲದಿದ್ದರೆ ಒಂದು ಹಿಡಿ ಮಣ್ಣಿಗೆ ಹನಿಹನಿಯಾಗಿ ನೀರು ಹಾಕಿ, ನಾದಿದ ಹಿಟ್ಟಿನ ಹದಕ್ಕೆ ತಂದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಂತೆ ಮುಂದಕ್ಕೆ ತಳ್ಳಿ ನೋಡಬಹುದು. ಉಂಡೆಯೇ ಕಟ್ಟದಿದ್ದರೆ ಅದು ಮರಳು. ಪಟ್ಟಿ 2.5 ಸೆಂಟಿಮೀಟರ್ ಮುಟ್ಟುವ ಮೊದಲೇ ಮುರಿದು ಬಿದ್ದರೆ ಗೋಡು, 2.5ರಿಂದ 5 ಸೆಂಟಿಮೀಟರ್‌ವರೆಗೆ ಬಂದರೆ ಜೇಡಿ ಗೋಡು, ಅದಕ್ಕೂ ಉದ್ದವಾಗಿ ಜೋತು ಬಿದ್ದರೆ ಜೇಡಿ. ಬೆರಳಿಗೆ ತರಿತರಿ ಅನ್ನಿಸುವುದು ಮರಳಿನಿಂದ, ನುಣುಪು ಅನ್ನಿಸುವುದು ರೇವೆಯಿಂದ, ಅಂಟು ಜೇಡಿಯಿಂದ.

ಕಣಗಳ ಪ್ರಮಾಣವನ್ನು ಬದಲಿಸುವುದು ದೊಡ್ಡ ಜಮೀನಿನಲ್ಲಿ ಸಾಧ್ಯವಾಗದ ಮಾತು. ಜೇಡಿಮಣ್ಣಿಗೆ ನಾಲ್ಕು ಬುಟ್ಟಿ ಮರಳು ಬೆರೆಸಿದರೆ ಅದು ಗೋಡಾಗುವುದಿಲ್ಲ. ಮರಳಿನ ಸಂದುಗಳಲ್ಲಿ ಜೇಡಿ ತುಂಬಿಕೊಂಡು ಮಣ್ಣು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು. ನಮ್ಮ ಕೈಯಲ್ಲಿರುವುದು ರಚನೆ, ಅಂದರೆ ಕಣಗಳು ಸೇರಿ ಹರಳಾಗುವ ರೀತಿ. ಬೇರಿನ ಸ್ರಾವಗಳು, ಶಿಲೀಂಧ್ರದ ಎಳೆಗಳು, ಸೂಕ್ಷ್ಮಜೀವಿಗಳು ಬಿಡುವ ಅಂಟು, ಎರೆಹುಳುಗಳ ಹಿಕ್ಕೆ ಇವು ಕಣಗಳನ್ನು ಹಿಡಿದು ಹರಳು ಕಟ್ಟುತ್ತವೆ. ಹರಳುಗಳ ಒಳಗಿನ ಸಣ್ಣ ಸಂದುಗಳಲ್ಲಿ ನೀರು ನಿಲ್ಲುತ್ತದೆ, ಹರಳುಗಳ ನಡುವಿನ ದೊಡ್ಡ ಸಂದುಗಳಲ್ಲಿ ಗಾಳಿ ಆಡುತ್ತದೆ. ಹದ ಮೀರಿ ಒದ್ದೆಯಿರುವ ಜೇಡಿಮಣ್ಣನ್ನು ಉತ್ತರೆ ಅಥವಾ ಅದರ ಮೇಲೆ ಓಡಾಡಿದರೆ ವರ್ಷಗಟ್ಟಲೆ ಕಟ್ಟಿಕೊಂಡ ಈ ರಚನೆ ಒಂದೇ ದಿನದಲ್ಲಿ ಕುಸಿಯುತ್ತದೆ.

ರಚನೆ ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಚೆನ್ನಾಗಿ ಒಣಗಿದ ಗೋಲಿಯಷ್ಟು ದೊಡ್ಡ ಹೆಂಟೆಯೊಂದನ್ನು ಶುದ್ಧ ನೀರಿನಲ್ಲಿ ಮೆಲ್ಲನೆ ಇಳಿಬಿಡಿ. ಹತ್ತು ನಿಮಿಷ ಕಳೆದರೂ ಅದು ಹಾಗೇ ನಿಂತಿದ್ದರೆ ಸಾವಯವ ಅಂಟು ಸಾಕಷ್ಟಿದೆ. ತಕ್ಷಣ ಗುಳ್ಳೆ ಬಿಡುತ್ತಾ ಪುಡಿಯಾಗಿ ಬಿದ್ದರೆ ಆ ಮಣ್ಣು ಜೋರು ಮಳೆಗೆ ಹೆಪ್ಪುಗಟ್ಟಿ, ಮೊಳಕೆ ಮೇಲೇಳಲು ಬಿಡದ ಹೊರಪದರವನ್ನು ಕಟ್ಟುವ ಸಂಭವವಿದೆ. ಹೆಂಟೆಯ ಸುತ್ತ ನೀರು ಹಾಲಿನಂತೆ ಬಗ್ಗಡವಾಗಿ, ಗಂಟೆಗಳ ನಂತರವೂ ತಿಳಿಯಾಗದಿದ್ದರೆ ಅದು ಬೇರೆಯದೇ ಸೂಚನೆ: ಜೇಡಿಯ ಮೇಲೆ ಸೋಡಿಯಂ ಮೆತ್ತಿಕೊಂಡಿರಬಹುದು. ಜಾಡಿಯ ಪರೀಕ್ಷೆಯಲ್ಲಿ ಸೋಪಿನ ಪುಡಿ ಮಾಡಿದ ಕೆಲಸವನ್ನೇ ಇಲ್ಲಿ ಮಣ್ಣಿನೊಳಗಿನ ಸೋಡಿಯಂ ಮಾಡುತ್ತಿರುತ್ತದೆ.

ಮಣ್ಣು ಎಷ್ಟು ಒತ್ತಿಕೊಂಡಿದೆ ಎಂಬುದನ್ನು ಅಂಕಿಯಲ್ಲೇ ತಿಳಿಯಬಹುದು. ಎರಡೂ ಕಡೆ ತೆರೆದ ಲೋಹದ ಕೊಳವೆಯ ತುಂಡನ್ನು ಮಣ್ಣಿನೊಳಕ್ಕೆ ನೇರವಾಗಿ ಇಳಿಸಿ, ಒಳಗಿನ ಮಣ್ಣು ಕದಡದಂತೆ ತೆಗೆದು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣಗಿಸಿ ತೂಗಬೇಕು. ಕೊಳವೆಯ ಒಳಗಾತ್ರ 400 ಮಿಲಿಲೀಟರ್, ಒಣಮಣ್ಣಿನ ತೂಕ 520 ಗ್ರಾಂ ಎಂದಾದರೆ ಸ್ಥೂಲ ಸಾಂದ್ರತೆ, ಅಂದರೆ ಸಂದುಗಳೂ ಸೇರಿದ ಮಣ್ಣಿನ ಸಾಂದ್ರತೆ, ಮಿಲಿಲೀಟರಿಗೆ 1.3 ಗ್ರಾಂ. ಖನಿಜ ಕಣಗಳ ಸಾಂದ್ರತೆ ಸರಾಸರಿ 2.65 ಇರುವುದರಿಂದ, ಈ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಭಾಗ ಸಂದುಗಳೇ ಇವೆ ಎಂದಾಯಿತು. ಇಲ್ಲಿಯೂ ಕಣಗಾತ್ರದ ಮಾತು ಬರುತ್ತದೆ. ಸಾಂದ್ರತೆ 1.55 ಇದ್ದರೆ ಮರಳು ಮಣ್ಣಿನಲ್ಲಿ ಚಿಂತೆಯಿಲ್ಲ, ಆದರೆ ಜೇಡಿಮಣ್ಣಿನಲ್ಲಿ ಬೇರು ಮುಂದಕ್ಕೆ ಹೋಗಲು ತಿಣುಕುತ್ತದೆ.

ನೀರಿನ ಇಂಗುವಿಕೆಯ ಪರೀಕ್ಷೆಗೆ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಮಟ್ಟ ಇಳಿಯುವುದನ್ನು ಅಳೆಯಬೇಕು. ಮೊದಲ ಸಲದ ನೀರು ಒಣಮಣ್ಣನ್ನು ನೆನೆಸಲು ಹೋಗುವುದರಿಂದ ಅದರ ಅಳತೆ ಲೆಕ್ಕಕ್ಕಿಲ್ಲ. ಗಂಟೆಗೆ 2.5ರಿಂದ 7.5 ಸೆಂಟಿಮೀಟರ್‌ನಷ್ಟು ಇಳಿದರೆ ಸಾಕು. ಅದಕ್ಕಿಂತ ನಿಧಾನವಾದರೆ ಏರುಮಡಿ ಅಥವಾ ಬಸಿಗಾಲುವೆಯ ಬಗ್ಗೆ ಯೋಚಿಸಬೇಕು. ತೀರಾ ವೇಗವಾದರೆ ನೀರು ಮತ್ತು ಗೊಬ್ಬರಗಳನ್ನು ಸ್ವಲ್ಪಸ್ವಲ್ಪವಾಗಿ, ಹೆಚ್ಚು ಸಲ ಕೊಡಬೇಕಾಗುತ್ತದೆ.

ಇಂಗಿ ಹೋದ ಮೇಲೆ ಮಣ್ಣಿನಲ್ಲಿ ಉಳಿದ ನೀರೆಲ್ಲ ಗಿಡದ ಪಾಲಿಗೆ ಸಿಗುವುದಿಲ್ಲ. ಚೆನ್ನಾಗಿ ನೆನೆದ ಮಣ್ಣಿನಿಂದ ಒಂದೆರಡು ದಿನಗಳಲ್ಲಿ ಹೆಚ್ಚಿನ ನೀರು ಬಸಿದುಹೋದಾಗ ಉಳಿಯುವುದು ಒಂದು ಮಟ್ಟ. ಬೇರು ಎಷ್ಟು ಎಳೆದರೂ ಬಾರದೆ ಗಿಡ ಶಾಶ್ವತವಾಗಿ ಬಾಡುವುದು ಇನ್ನೊಂದು ಮಟ್ಟ. ಇವೆರಡರ ನಡುವಿನ ನೀರು ಮಾತ್ರ ಬೆಳೆಯದು. ಗೋಡು ಮಣ್ಣಿನ ಒಂದು ಮೀಟರ್ ಆಳದಲ್ಲಿ ಇದು ಸುಮಾರು 150ರಿಂದ 200 ಮಿಲಿಮೀಟರ್ ಇದ್ದರೆ, ಮರಳಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಪ್ಪಟ ಜೇಡಿಯಲ್ಲಿ ಒಟ್ಟು ನೀರು ಎಲ್ಲಕ್ಕಿಂತ ಹೆಚ್ಚು, ಆದರೆ ಅದರ ದೊಡ್ಡ ಪಾಲನ್ನು ಜೇಡಿಯು ಬೇರಿಗೆ ಬಿಟ್ಟುಕೊಡದಷ್ಟು ಬಿಗಿಯಾಗಿ ಹಿಡಿದಿರುತ್ತದೆ.

ಇನ್ನು ಪ್ರಯೋಗಾಲಯದ ವಿಷಯ. ಅದರಲ್ಲಿ ಅತಿ ದೊಡ್ಡ ತಪ್ಪು ಆಗುವುದು ಪ್ರಯೋಗಾಲಯದಲ್ಲಲ್ಲ, ಮಾದರಿ ತೆಗೆಯುವ ಜಾಗದಲ್ಲಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು, ಸ್ಥೂಲ ಸಾಂದ್ರತೆ 1.33 ಎಂದು ಹಿಡಿದರೆ, ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಲಭ್ಯ ರಂಜಕವನ್ನು ಅಳೆಯುವ ಓಲ್ಸನ್ ವಿಧಾನದಲ್ಲಿ ವಾಸ್ತವವಾಗಿ ಪರೀಕ್ಷೆಗೆ ಒಳಗಾಗುವುದು 2.5 ಗ್ರಾಂ ಮಣ್ಣು. ಆ 2.5 ಗ್ರಾಂ 20 ಲಕ್ಷ ಕಿಲೋಗಳ ಪರವಾಗಿ ಮಾತನಾಡಬೇಕಾದರೆ, ಅದು ಬಂದ ಚೀಲದಲ್ಲಿ ಇಡೀ ಜಮೀನು ಬೆರೆತಿರಬೇಕು.

ಆದ್ದರಿಂದ ಜಮೀನನ್ನು ಮೊದಲು ಬಣ್ಣ, ಇಳಿಜಾರು, ಹಿಂದಿನ ಬೆಳೆ, ಬೆಳವಣಿಗೆಯ ವ್ಯತ್ಯಾಸ ಇವುಗಳ ಮೇಲೆ ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ಮಾದರಿ ತೆಗೆಯಬೇಕು. ಒಂದೊಂದು ಭಾಗದಲ್ಲೂ ಅಂಕುಡೊಂಕಾಗಿ ನಡೆಯುತ್ತಾ 15ರಿಂದ 20 ಕಡೆ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಮಣ್ಣಿನ ಹೋಳನ್ನು ಕೊಯ್ದು ತೆಗೆಯಬೇಕು. ಹೋಳು ಮೇಲೆ ದಪ್ಪ, ಕೆಳಗೆ ತೆಳ್ಳಗಾದರೆ ಮೇಲ್ಪದರದ ಗೊಬ್ಬರದ ಅಂಶವೇ ವರದಿಯಲ್ಲಿ ಎದ್ದು ಕಾಣುತ್ತದೆ. ಋತುಮಾನದ ಬೆಳೆಗಳಿಗೆ 15ರಿಂದ 20 ಸೆಂಟಿಮೀಟರ್ ಆಳ ಸಾಕು. ಹಣ್ಣಿನ ಮರಗಳಿಗಾದರೆ ಇನ್ನೂ ಕೆಳಗಿನ ಪದರಗಳ ಮಾದರಿಗಳನ್ನು ಬೇರೆಬೇರೆಯಾಗಿಯೇ ತೆಗೆಯಬೇಕು. ಬದುವಿನ ಅಂಚು, ಮರದ ಬುಡ, ತಿಪ್ಪೆಯಿದ್ದ ಜಾಗ, ನೀರುಗಾಲುವೆಯ ಪಕ್ಕ ಇವುಗಳನ್ನು ಬಿಟ್ಟುಬಿಡಬೇಕು. ಎಲ್ಲ ಹೋಳುಗಳನ್ನೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ತೆಗೆದುಹಾಕುತ್ತಾ ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮಾಡಬೇಕು. ಉಳಿದ ಮಣ್ಣನ್ನು ಬಿಸಿಲಿನಲ್ಲಲ್ಲ, ನೆರಳಿನಲ್ಲಿ ಒಣಗಿಸಬೇಕು. ರಸಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣನ್ನು ತುಂಬಿದರೆ, ತುಕ್ಕು ಹಿಡಿದ ಅಥವಾ ಸತುವಿನ ಲೇಪವಿರುವ ಪಾತ್ರೆಯಲ್ಲಿ ಬೆರೆಸಿದರೆ ಸಾರಜನಕ, ಕಬ್ಬಿಣ, ಸತುವಿನ ಅಂಕಿಗಳು ನಂಬಲು ಅರ್ಹವಾಗಿರುವುದಿಲ್ಲ. ಗೊಬ್ಬರ ಹಾಕಿದ ಹೊಸತರಲ್ಲಿ ಮಾದರಿ ತೆಗೆಯುವುದೂ ವ್ಯರ್ಥ.

ವರದಿ ಬಂದಾಗ ಮೊದಲು ನೋಡಬೇಕಾದದ್ದು ರಸಸಾರ. 7 ತಟಸ್ಥ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಇದು ಲಾಗರಿತಮ್ ಮಾಪಕವಾದ್ದರಿಂದ 5 ಎಂಬುದು 6ಕ್ಕಿಂತ ಹತ್ತು ಪಟ್ಟು, 7ಕ್ಕಿಂತ ನೂರು ಪಟ್ಟು ಹುಳಿ. ಬಹುಪಾಲು ಬೆಳೆಗಳಿಗೆ 6ರಿಂದ 7.5ರ ನಡುವೆ ಹಿತ. ರಸಸಾರ 5.5ಕ್ಕಿಂತ ಇಳಿಯುತ್ತಾ ಹೋದಂತೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಮೊಂಡಾಗಿಸುತ್ತದೆ. ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳ ಜೊತೆ ಸೇರಿ ಗಿಡಕ್ಕೆ ಸಿಗದಂತಾಗುತ್ತದೆ. 7.5 ದಾಟಿದರೆ ಅದೇ ರಂಜಕವನ್ನು ಕ್ಯಾಲ್ಸಿಯಂ ಹಿಡಿದಿಡುತ್ತದೆ, ಕಬ್ಬಿಣ ಮತ್ತು ಸತು ಕರಗದೆ ಉಳಿಯುತ್ತವೆ. ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಆದರೆ ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿಯೇ ಇರುತ್ತದೆ.

ಮನೆಯಲ್ಲಿ ರಸಸಾರ ನೋಡುವುದಾದರೆ 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಭಟ್ಟಿ ಇಳಿಸಿದ ನೀರು ಸೇರಿಸಿ, ಅರ್ಧ ಗಂಟೆ ಆಗಾಗ ಕಲಕುತ್ತಿದ್ದು, ಆಮೇಲೆ ಮೀಟರ್ ಅಥವಾ ಬಣ್ಣದ ಕಾಗದವನ್ನು ಅದ್ದಬೇಕು. ನಲ್ಲಿಯ ನೀರಿಗೆ ಅದರದೇ ಆದ ಕ್ಷಾರವಿರುವುದರಿಂದ ಅದು ಸಲ್ಲದು. ಮೀಟರನ್ನು ರಸಸಾರ 4 ಮತ್ತು 7ರಲ್ಲೇ ಸ್ಥಿರವಾಗಿ ನಿಲ್ಲುವ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸದೆ ಓದಿದ ಅಂಕಿಗೆ ಬೆಲೆಯಿಲ್ಲ. ಮಣ್ಣಿಗೆ ನೇರವಾಗಿ ಚುಚ್ಚುವ ಅಗ್ಗದ ಕಡ್ಡಿಗಳನ್ನು ನಂಬಿ ಸುಣ್ಣ ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ಮಣ್ಣಿನ ಮೇಲೆ ವಿನೆಗರ್ ಸುರಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣದ ಕಾರ್ಬೊನೇಟ್ ಇದೆ ಎಂಬುದು ಖಚಿತ, ಆದರೆ ನೊರೆ ಏಳದಿದ್ದರೆ ಮಣ್ಣು ಹುಳಿಯೆಂದು ಅರ್ಥವಲ್ಲ.

ರಸಸಾರವು ನೀರಿನಲ್ಲಿ ಕರಗಿರುವ ಹುಳಿಯನ್ನು ಮಾತ್ರ ಅಳೆಯುತ್ತದೆ. ಅದರ ಅನೇಕ ಪಟ್ಟು ಹುಳಿ ಜೇಡಿ ಮತ್ತು ಹ್ಯೂಮಸ್‌ನ (ಚೆನ್ನಾಗಿ ಕೊಳೆತ ಸಾವಯವ ಪದಾರ್ಥದ) ಮೇಲ್ಮೈಗೆ ಅಂಟಿಕೊಂಡು ಕೂತಿದ್ದು, ಕರಗಿದ್ದು ಖರ್ಚಾದಂತೆಲ್ಲ ಹೊರಬರುತ್ತಿರುತ್ತದೆ. ಋಣ ವಿದ್ಯುದಂಶವಿರುವ ಈ ಮೇಲ್ಮೈಯೇ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂಗಳನ್ನೂ ಹಿಡಿದಿಟ್ಟು ಬೇರಿಗೆ ಕೊಡುವುದು. ಇದರ ಅಳತೆಗೆ ಧನ ಅಯಾನು ವಿನಿಮಯ ಸಾಮರ್ಥ್ಯ ಎಂದು ಹೆಸರು. ಮರಳು ಮಣ್ಣಿನಲ್ಲಿ ಇದು ಸಾಮಾನ್ಯವಾಗಿ ಕಿಲೋಗೆ 5 ಸೆಂಟಿಮೋಲ್‌ಗಿಂತ ಕಡಿಮೆ, ಮಾಂಟ್‌ಮೊರಿಲೊನೈಟ್‌ನಲ್ಲಿ 80ರಿಂದ 120, ಹ್ಯೂಮಸ್‌ನಲ್ಲಿ 200 ಮೀರುತ್ತದೆ. ಜೇಡಿಯೇ ಇಲ್ಲದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್ ಏಕೆ ಅಷ್ಟು ಮುಖ್ಯ ಎಂಬುದು ಈ ಕೊನೆಯ ಅಂಕಿಯಿಂದ ತಿಳಿಯುತ್ತದೆ. ಸುಣ್ಣದ ಪ್ರಮಾಣವನ್ನು ನಿರ್ಧರಿಸಲು ಪ್ರಯೋಗಾಲಯದವರು ಬಫರ್ ದ್ರಾವಣ ಬಳಸಿ ಇನ್ನೊಂದು ಪರೀಕ್ಷೆ ಮಾಡುವುದು ಈ ಅಡಗಿದ ಹುಳಿಯನ್ನು ಹಿಡಿಯಲು. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಬೇಕಾದ್ದರಿಂದ ಬಿತ್ತನೆಗೆ ಎರಡು-ಮೂರು ತಿಂಗಳು ಮುಂಚೆಯೇ ಹಾಕಿ ಬೆರೆಸಬೇಕು.

ವಿದ್ಯುತ್ ವಾಹಕತೆಯ ಅಂಕಿ ಕರಗಿದ ಲವಣಗಳ ಅಳತೆ. ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಿನಲ್ಲಿ ಅದು ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಮಣ್ಣು ಸವಳು ಎಂದು ಲೆಕ್ಕ. ಸೂಕ್ಷ್ಮವಾದ ತರಕಾರಿಗಳು ಅದಕ್ಕೂ ಮೊದಲೇ ಸೊರಗುತ್ತವೆ. ಲವಣವನ್ನು ಒಳ್ಳೆಯ ನೀರು ಹಾಯಿಸಿ ತೊಳೆಯಬಹುದು. ಆದರೆ ರಸಸಾರ 8.5 ಮೀರಿ, ವಿನಿಮಯ ಸ್ಥಾನಗಳಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ಸೋಡಿಯಂ ಇದ್ದರೆ ಬರಿಯ ನೀರು ಹಾಯಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಜಿಪ್ಸಂ ಹಾಕಿ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡಿದ ಮೇಲೆ ತೊಳೆಯಬೇಕು.

ಸಾವಯವ ಇಂಗಾಲವನ್ನು ಅಳೆಯಲು 1934ರ ವಾಕ್ಲಿ-ಬ್ಲ್ಯಾಕ್ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬಂದ ಅಂಕಿಯನ್ನು 1.724ರಿಂದ ಗುಣಿಸಿದರೆ ಸಾವಯವ ಪದಾರ್ಥದ ಅಂದಾಜು ಸಿಗುತ್ತದೆ. ರಂಜಕ, ಪೊಟ್ಯಾಷ್, ಸತು ಮುಂತಾದವುಗಳ ಅಂಕಿಗಳು ಮಾತ್ರ ಬೇರೆ ಜಾತಿಯವು. ಅವು ಮಣ್ಣಿನಲ್ಲಿರುವ ಒಟ್ಟು ಪ್ರಮಾಣವಲ್ಲ, ಒಂದು ನಿರ್ದಿಷ್ಟ ದ್ರಾವಣ ಹೊರಗೆಳೆದ ಪ್ರಮಾಣ. ರಂಜಕಕ್ಕೆ ಹುಳಿ ಮಣ್ಣಿನಲ್ಲಿ ಬ್ರೇ ದ್ರಾವಣ, ತಟಸ್ಥ ಮತ್ತು ಸುಣ್ಣದ ಮಣ್ಣಿನಲ್ಲಿ ಓಲ್ಸನ್ ದ್ರಾವಣ ಹೊಂದುತ್ತದೆ. ಒಂದು ವಿಧಾನದ 15ನ್ನು ಇನ್ನೊಂದರ 15ರ ಜೊತೆ ಹೋಲಿಸುವುದು ಸರಿಯಲ್ಲ, ಆದ್ದರಿಂದ ವಿಧಾನದ ಹೆಸರು ವರದಿಯಲ್ಲಿ ಇಲ್ಲದಿದ್ದರೆ ಕೇಳಿಯೇ ತಿಳಿದುಕೊಳ್ಳಬೇಕು. ನೈಟ್ರೇಟ್ ರೂಪದ ಸಾರಜನಕ ಒಂದು ಮಳೆಗೆ ಕೆಳಗಿಳಿದುಬಿಡುವುದರಿಂದ ಅದರ ಅಂಕಿ ಉಳಿದವುಗಳಷ್ಟು ಕಾಲ ಬಾಳುವುದಿಲ್ಲ.

ಅಳತೆಯ ಮಾನಗಳಲ್ಲಿಯೂ ಎಚ್ಚರ ಬೇಕು. ಮೇಲಿನ 20 ಲಕ್ಷ ಕಿಲೋ ಲೆಕ್ಕದ ಪ್ರಕಾರ ಹತ್ತು ಲಕ್ಷಕ್ಕೆ ಒಂದು ಭಾಗ ಎಂದರೆ ಹೆಕ್ಟೇರಿಗೆ 2 ಕಿಲೋ. ಗೊಬ್ಬರದ ಚೀಲದ ಮೇಲೆ ರಂಜಕ ಮತ್ತು ಪೊಟ್ಯಾಸಿಯಂಗಳನ್ನು ಅವುಗಳ ಆಕ್ಸೈಡ್ ರೂಪದಲ್ಲಿ ಬರೆದಿರುತ್ತಾರೆ. ವರದಿಯಲ್ಲಿ ಶುದ್ಧ ರಂಜಕದ ಅಂಕಿ ಇದ್ದರೆ ಅದನ್ನು 2.29ರಿಂದ, ಪೊಟ್ಯಾಸಿಯಂ ಆದರೆ 1.2ರಿಂದ ಗುಣಿಸಿದ ಮೇಲೆಯೇ ಎರಡನ್ನೂ ಹೋಲಿಸಬಹುದು. ಕುಂಡಗಳಲ್ಲಿ ಬಳಸುವ ತೆಂಗಿನ ನಾರಿನಪುಡಿ ಮತ್ತು ಕಾಂಪೋಸ್ಟ್ ಮಿಶ್ರಣಕ್ಕೆ ಈ ಲೆಕ್ಕಗಳು ಹೊಂದುವುದಿಲ್ಲ. ಅವುಗಳ ಸಾಂದ್ರತೆ ತೀರಾ ಕಡಿಮೆಯಾದ್ದರಿಂದ ತೂಕದ ಬದಲು ಗಾತ್ರದ ಮೇಲೆ ಪರೀಕ್ಷಿಸುವ ವಿಧಾನಗಳೇ ಬೇರೆ ಇವೆ.

ಕಣಗಳ ಪ್ರಮಾಣವನ್ನು ಒಮ್ಮೆ ತಿಳಿದರೆ ಸಾಕು, ಅದು ನಮ್ಮ ಕಾಲದಲ್ಲಿ ಬದಲಾಗುವುದಿಲ್ಲ. ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್‌ಗಳನ್ನು ಎರಡು-ಮೂರು ವರ್ಷಕ್ಕೊಮ್ಮೆ ನೋಡಬೇಕು. ತೇವ ಮತ್ತು ಉಷ್ಣತೆಗೆ ತಕ್ಕಂತೆ ಈ ಅಂಕಿಗಳು ವರ್ಷದೊಳಗೇ ಏರಿಳಿಯುವುದರಿಂದ, ಮರುಪರೀಕ್ಷೆಯ ಮಾದರಿಯನ್ನು ಹಿಂದಿನ ಸಲದ ತಿಂಗಳಿನಲ್ಲಿಯೇ, ಅದೇ ಆಳದಿಂದ ತೆಗೆದು, ಸಾಧ್ಯವಾದರೆ ಅದೇ ಪ್ರಯೋಗಾಲಯಕ್ಕೆ ಕಳುಹಿಸಬೇಕು.